ಅವರ ಬಣ್ಣ, ನಮ್ಮ ಬಾಗಿಲು

ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಎರಡೂ ಬದಿಗೆ ಕಾರುಗಳು ನಿಂತ ಮೇಲೆ ನಡುವೆ ಉಳಿಯುವುದು ಒಂದು ನೀರಿನ ಟ್ಯಾಂಕರ್ ಕಷ್ಟಪಟ್ಟು ನುಗ್ಗುವಷ್ಟು ಜಾಗ. ಕವಿ ರವೀಂದ್ರನಾಥ ಟ್ಯಾಗೋರರ ಹೆಸರಿನ ಈ ಬಡಾವಣೆಯ ಅಡ್ಡರಸ್ತೆಗಳನ್ನು ಗುರುತು ಹಾಕಿದವರು, ಮುಂದೊಂದು ದಿನ ಮನೆಗೊಂದು ಕಾರು ಬರುತ್ತದೆಂದು ಎಣಿಸಿರಲಿಕ್ಕಿಲ್ಲ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಈಗ ಒಂದು ಕೋಟಿ ದಾಟಿದೆ. ಇಂಥ ಊರಿನಲ್ಲಿ ಒಂದು ಇನ್ನೊಂದಕ್ಕೆ ತಾಗದೆ ಉಳಿದರೆ ಅದೇ ಆಶ್ಚರ್ಯ. ನಮ್ಮ ಕಾರಿಗೂ ಒಂದು ದಿನ ತಾಗಿತು.

ದಸರಾ ಮುಗಿದು ಒಂದು ವಾರವಾಗಿತ್ತು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ತಗಡಿಗೆ ಕಬ್ಬಿಣ ಉಜ್ಜಿದ ಸದ್ದು ಕೇಳಿ ಬಾಲ್ಕನಿಗೆ ಬಂದು ನೋಡಿದರೆ, ಯಶವಂತಪುರದ ಎಪಿಎಂಸಿ ಯಾರ್ಡಿನಿಂದ ಸರಕು ತರಿಸಿ ನಮ್ಮ ಕಡೆ ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ ಮಾರುವ ತಳ್ಳುಗಾಡಿಯವರು ನಮ್ಮ ಕಾರಿನ ಪಕ್ಕದಲ್ಲಿ ನಿಂತಿದ್ದರು. ಎದುರಿನಿಂದ ಬಂದ ಟ್ಯಾಂಕರಿಗೆ ದಾರಿ ಬಿಡಲು ಅವರು ಗಾಡಿಯನ್ನು ಬದಿಗೆ ಎಳೆದಿದ್ದರು. ಗಾಡಿಯ ಕಬ್ಬಿಣದ ಮೂಲೆ ನಮ್ಮ ಕಾರಿನ ಹಿಂದಿನ ಎಡಬಾಗಿಲನ್ನು ಉಜ್ಜಿಕೊಂಡು ಹೋಗಿತ್ತು. ಬೆಳ್ಳಿ ಬಣ್ಣದ ಬಾಗಿಲಿನ ಮೇಲೆ ಒಂದು ಗೇಣು ಉದ್ದದ ಹಸಿರು ಗೀರು.

ನಾವು ಮೆಟ್ಟಿಲಿಳಿದು ಹೋದ ವೇಗ, ಅಲ್ಲಿ ಆಡಿದ ಮಾತು, ಎರಡನ್ನೂ ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. "ಕಣ್ಣು ಕಾಣಲ್ವಾ ನಿಂಗೆ?" ಎಂದೆವು. ಅವರಿಗೆ ಐವತ್ತು ದಾಟಿರಬೇಕು, ನಮಗಿಂತ ಹಿರಿಯರು. ಆ ದಿನದವರೆಗೆ "ಈರುಳ್ಳಿ ಹೇಗೆ ಅಣ್ಣಾ?" ಎಂದು ಕೇಳುತ್ತಿದ್ದ ಬಾಯಿಯೇ ಅಂದು ಏಕವಚನಕ್ಕೆ ಇಳಿಯಿತು. ಅಕ್ಕಪಕ್ಕದ ಮನೆಗಳಿಂದ ನಾಲ್ಕೈದು ಮಂದಿ ಬಂದರು. ಒಬ್ಬರು ಬಗ್ಗಿ ನೋಡಿ, "ಇಡೀ ಡೋರ್ ಪೇಂಟ್ ಹೊಡಿಸ್ಬೇಕು, ನಾಲ್ಕು ಸಾವಿರಕ್ಕೆ ಕಮ್ಮಿ ಆಗಲ್ಲ" ಎಂದು ತೀರ್ಪು ಕೊಟ್ಟರು. ಅಷ್ಟರಲ್ಲಿ ಟ್ಯಾಂಕರಿನವನು ದಾರಿ ಸಿಕ್ಕಿತೆಂದು ಹೊರಟುಹೋಗಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ.

ಗಾಡಿಯವರು ವಾದಿಸಲಿಲ್ಲ. ತಕ್ಕಡಿಯ ಕೆಳಗಿದ್ದ ಡಬ್ಬಿ ತೆಗೆದು, ಅದರಲ್ಲಿದ್ದ ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ಎಣಿಸಿ, ಜೇಬಿನಿಂದ ಇನ್ನೊಂದು ನೋಟನ್ನು ಸೇರಿಸಿ 700 ರೂಪಾಯಿ ಕೊಟ್ಟರು. "ಇವತ್ತು ಇಷ್ಟೇ ಇರೋದು ಸಾರ್" ಎಂದರು. ನಾವು ತೆಗೆದುಕೊಂಡೆವು. ನಾಲ್ಕು ಸಾವಿರದ ಕೆಲಸಕ್ಕೆ ಏಳ್ನೂರು ಪಡೆದು ಬಿಟ್ಟದ್ದು ನಮ್ಮ ದೊಡ್ಡ ಮನಸ್ಸೆಂದೇ ಆಗ ಅನ್ನಿಸಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಅದನ್ನು ಮನೆಯಲ್ಲಿ ಹೇಳಿಕೊಂಡದ್ದೂ ಉಂಟು. ಅಮ್ಮಿ ಮಾತ್ರ ಏನೂ ಹೇಳದೆ ತಟ್ಟೆ ತೊಳೆಯಲು ಎದ್ದರು.

ಮರುದಿನ ಒಂದು ಟಿಂಕರಿಂಗ್ ಅಂಗಡಿಗೆ ಕಾರನ್ನು ಒಯ್ದು, "ಈ ಬಾಗಿಲಿಗೆ ಪೇಂಟ್ ಮಾಡಲು ಎಷ್ಟಾಗುತ್ತದೆ?" ಎಂದು ಕೇಳಿದೆವು. 4,500 ಎಂದರು. ವಿಮೆಯಲ್ಲಿ ಮಾಡಿಸಿ ಎಂದು ಒಬ್ಬ ಗೆಳೆಯ ಸಲಹೆ ಕೊಟ್ಟ. ಆದರೆ ಒಂದು ವರ್ಷ ಕ್ಲೇಮು ಮಾಡದಿದ್ದರೆ ಕಾರಿನ ಸ್ವಂತ ಹಾನಿಯ ಕಂತಿನಲ್ಲಿ ಶೇ. 20ರಷ್ಟು ರಿಯಾಯಿತಿ ಸಿಗುತ್ತದೆ. ಅದು ವರ್ಷ ವರ್ಷ ಏರಿ ಐದನೆಯ ವರ್ಷಕ್ಕೆ ಶೇ. 50ಕ್ಕೆ ಮುಟ್ಟುತ್ತದೆ. ಒಂದು ಗೀರಿಗಾಗಿ ಕ್ಲೇಮು ಮಾಡಿದರೆ ಅಷ್ಟೂ ವರ್ಷಗಳ ರಿಯಾಯಿತಿ ಸಾಮಾನ್ಯವಾಗಿ ಕೈಬಿಟ್ಟುಹೋಗುತ್ತದೆ. ಲೆಕ್ಕ ಹಾಕಿ ಸುಮ್ಮನಾದೆವು. ಹಸಿರು ಗೀರು ಬಾಗಿಲಿನ ಮೇಲೆಯೇ ಉಳಿಯಿತು. ದಿನಾ ಬೆಳಿಗ್ಗೆ ಅದನ್ನು ನೋಡಿದಾಗಲೆಲ್ಲ ಗಾಡಿಯವರ ಮೇಲೆ ಒಂದಿಷ್ಟು ಸಿಟ್ಟು ಬರುತ್ತಿತ್ತು.

ಸುಮಾರು ಮೂರು ವಾರಗಳ ಬಳಿಕ ಒಂದು ಸಂಜೆ, ಅಸರ್ ನಮಾಝ್ ಮುಗಿಸಿ ಬರುತ್ತಿದ್ದ ನಮ್ಮ ಮೇಲಿನ ಮಹಡಿಯ ಚಾಚಾ ಕಾರಿನ ಬಳಿ ನಿಂತರು. ಜೆ.ಸಿ. ರಸ್ತೆಯ ಕಡೆಯ ಗ್ಯಾರೇಜುಗಳಲ್ಲಿ ಮೂವತ್ತು ವರ್ಷ ಕಾರುಗಳಿಗೆ ಬಣ್ಣ ಹೊಡೆದವರು ಅವರು. ಈಗ ಮಗನ ಮನೆಯಲ್ಲಿ ವಿಶ್ರಾಂತಿಯಲ್ಲಿದ್ದಾರೆ. ಗೀರಿನ ಮೇಲೆ ಅಡ್ಡಡ್ಡವಾಗಿ ಹೆಬ್ಬೆರಳಿನ ಉಗುರು ಎಳೆದರು. ಒಂದು ಲೋಟ ನೀರು ತರಿಸಿ ಅದರ ಮೇಲೆ ಹೊಯ್ದು, ಬಗ್ಗಿ, ಓರೆಯಾಗಿ ನೋಡಿದರು. ಆಮೇಲೆ ನಕ್ಕು ತಮ್ಮ ದಖ್ಖನಿಯಲ್ಲಿ ಹೇಳಿದರು: "ನಿಮ್ಮ ಬಣ್ಣ ಎಲ್ಲಿ ಹೋಗಿದೆ ಬೇಟಾ? ಅವರ ಬಣ್ಣ ನಿಮಗೆ ಬಂದಿದೆ."

ಆ ಮಾತು ನಮಗೆ ಕೂಡಲೇ ಅರ್ಥವಾಗಲಿಲ್ಲ. ಅವರು ಮೆಟ್ಟಿಲ ಮೇಲೆ ಕುಳಿತು ವಿವರಿಸಿದರು.

ಕಾರಿನ ಬಣ್ಣ ಗೋಡೆಗೆ ಬಳಿದ ಸುಣ್ಣದಂತೆ ಒಂದೇ ಪದರವಲ್ಲ. ಉಕ್ಕಿನ ತಗಡಿಗೆ ತುಕ್ಕು ಹಿಡಿಯದಂತೆ ಮೊದಲು ವಿದ್ಯುತ್ತಿನ ಸಹಾಯದಿಂದ ಒಂದು ಪ್ರೈಮರ್ ಲೇಪಿಸುತ್ತಾರೆ. ಅದರ ಮೇಲೆ ಸಾಮಾನ್ಯವಾಗಿ ಇನ್ನೊಂದು ಪ್ರೈಮರ್. ಅದರ ಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣ. ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ, ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ಹೊಳಪು ಕೊಡುವುದು, ಬಿಸಿಲಿನಿಂದ ಬಣ್ಣವನ್ನು ಕಾಪಾಡುವುದು ಈ ಕೊನೆಯ ಪದರ. ಇಷ್ಟೆಲ್ಲ ಸೇರಿ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಅಂದರೆ ಎರಡು ತಲೆಗೂದಲನ್ನು ಒಂದರ ಮೇಲೊಂದು ಇಟ್ಟಷ್ಟು. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40ರಿಂದ 50 ಮೈಕ್ರಾನ್, ಒಂದು ಕೂದಲಿಗಿಂತ ತೆಳು. ಬಿಳಿ, ಕೆಂಪಿನಂಥ ಸಾದಾ ಬಣ್ಣದ ಕೆಲವು ಕಾರುಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, ಈ ಕ್ಲಿಯರ್ ಕೋಟ್ ಇರುವುದಿಲ್ಲ. ಅಂಥವುಗಳನ್ನು ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತದೆ. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ, ಆದರೆ ಕೈ ಹಗುರವಾಗಿರಬೇಕು.

ಗೀರುಗಳಲ್ಲಿ ಮೂರು ಬಗೆ ಎಂದರು ಚಾಚಾ. ಮೊದಲನೆಯದು, ತಾಗಿದ ವಸ್ತುವಿನ ಬಣ್ಣ ನಮ್ಮ ಮೇಲೆ ಮೆತ್ತಿಕೊಂಡದ್ದು. ಗೇಟಿನ ಬಣ್ಣ, ಕಂಬದ ಬಣ್ಣ, ಇನ್ನೊಂದು ಕಾರಿನ ಬಂಪರಿನ ಕಪ್ಪು ಇವೆಲ್ಲ ಹೀಗೆ ಬರುತ್ತವೆ. ನೋಡಲು ಭಯಂಕರ, ತೆಗೆಯಲು ಸುಲಭ. ಎರಡನೆಯದು, ಕ್ಲಿಯರ್ ಕೋಟಿನಲ್ಲಷ್ಟೇ ಆದ ಗೀರು. ಅದರ ಮೇಲೆ ನೀರು ಹೊಯ್ದರೆ ನೀರು ಗೀರನ್ನು ತುಂಬಿ, ಒದ್ದೆಯಿರುವಷ್ಟು ಹೊತ್ತು ಗೀರು ಮಾಯವಾಗುತ್ತದೆ. ಹಾಗಾದರೆ ಅದು ಉಜ್ಜಿ ತೆಗೆಯಬಹುದಾದದ್ದು. ಮೂರನೆಯದು, ಬಣ್ಣವನ್ನೂ ದಾಟಿ ಪ್ರೈಮರ್ ಇಲ್ಲವೇ ತಗಡಿನವರೆಗೆ ಹೋದದ್ದು. ಅದರಲ್ಲಿ ಉಗುರು ಸಿಕ್ಕಿ ನಿಲ್ಲುತ್ತದೆ. ಅದನ್ನು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಕಾರಿನ ಬಣ್ಣದ ಸಂಕೇತ ನೋಡಿ ಅದೇ ಬಣ್ಣದ ಟಚ್‌ಅಪ್ ತುಂಬಬೇಕು, ಇಲ್ಲವೇ ಪೇಂಟರಿಗೇ ಕೊಡಬೇಕು. ತಗಡು ಕಾಣುತ್ತಿದ್ದರೆ ತಡ ಮಾಡಬಾರದು, ಒಂದು ಮಳೆಗಾಲದಲ್ಲೇ ತುಕ್ಕು ಏಳುತ್ತದೆ.

ನಮ್ಮದು ಬಹುಪಾಲು ಮೊದಲನೆಯ ಬಗೆ, ಅಲ್ಲಲ್ಲಿ ಸ್ವಲ್ಪ ಎರಡನೆಯದು. ಮುಂದಿನ ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಕೂರುವುದೆಂದು ತೀರ್ಮಾನವಾಯಿತು. ಚಾಚಾ ಕುರ್ಚಿ ಹಾಕಿಕೊಂಡು ಹೇಳುವುದು, ನಾವು ಮಾಡುವುದು.

ಆಟೋಮೊಬೈಲ್ ಅಂಗಡಿಯೊಂದರಿಂದ ರಬ್ಬಿಂಗ್ ಕಾಂಪೌಂಡಿನ ಒಂದು ಸಣ್ಣ ಟ್ಯೂಬು, ಮೂರು ಮೈಕ್ರೋಫೈಬರ್ ಬಟ್ಟೆ ತಂದೆವು. ಎಲ್ಲ ಸೇರಿ 400 ರೂಪಾಯಿಯ ಒಳಗೆ ಮುಗಿಯಿತು. ವ್ಯಾಕ್ಸ್ ಪಾಲಿಶ್ ಮನೆಯಲ್ಲಿ ಇತ್ತು. ಮಗಳು ತನ್ನ ನೇಲ್ ಪಾಲಿಶ್ ರಿಮೂವರ್ ತಂದು, ಇದರಿಂದ ಬಣ್ಣ ಬೇಗ ಹೋಗುತ್ತದೆಂದಳು. ಚಾಚಾ ಕೈ ಅಡ್ಡ ಹಿಡಿದರು. ಅದರಲ್ಲಿ ಅಸಿಟೋನ್ ಇರುತ್ತದೆ. ಕಂಪನಿಯಲ್ಲಿ ಬಿಸಿ ಒಲೆಯಲ್ಲಿ ಗಟ್ಟಿಯಾದ ಬಣ್ಣ ಒಂದು ಕ್ಷಣ ತಡೆದೀತು, ಆದರೆ ಹೊರಗೆ ಮತ್ತೆ ಪೇಂಟ್ ಹೊಡೆಸಿದ ಬಾಗಿಲಾಗಿದ್ದರೆ ಬಣ್ಣವೇ ಮೆತ್ತಗಾಗಿ ಏಳುತ್ತದೆ. ನಮ್ಮದು ಸೆಕೆಂಡ್ ಹ್ಯಾಂಡ್ ಕಾರು, ಹಿಂದಿನವರ ಕೈಯಲ್ಲಿ ಏನೇನಾಗಿತ್ತೋ ಯಾರಿಗೆ ಗೊತ್ತು? ಥಿನ್ನರಿಗೂ ಇದೇ ಮಾತು. ಪಾತ್ರೆ ಉಜ್ಜುವ ನಾರನ್ನಂತೂ ಕಾರಿನ ಹತ್ತಿರವೂ ತರಬಾರದು, ಒಂದು ಗೀರು ತೆಗೆಯಲು ಹೋಗಿ ನೂರು ಗೀರು ಬೀಳುತ್ತವೆ. ಹಲ್ಲುಜ್ಜುವ ಪೇಸ್ಟಿನಿಂದ ಗೀರು ಹೋಗುತ್ತದೆಂದು ಹೇಳುವವರಿದ್ದಾರೆ. ಅದರಲ್ಲೂ ಉಜ್ಜುವ ಪುಡಿ ಇರುವುದು ನಿಜ, ಆದರೆ ಅದು ಹಲ್ಲಿಗೆ ಮಾಡಿದ್ದು. ಕಾಂಪೌಂಡಿನ ಪುಡಿಯನ್ನು ಬಣ್ಣಕ್ಕೆಂದೇ ಒಂದೇ ಸಮನೆ ನುಣ್ಣಗೆ ಅರೆದಿರುತ್ತಾರೆ.

ಕಾರನ್ನು ನೆರಳಿಗೆ ತಂದು, ತಗಡು ತಣ್ಣಗಾಗುವವರೆಗೆ ಕಾದೆವು. ಬಿಸಿ ತಗಡಿನ ಮೇಲೆ ಕಾಂಪೌಂಡ್ ತಕ್ಷಣ ಒಣಗಿ ಹತ್ತಿಕೊಳ್ಳುತ್ತದೆ. ಮೊದಲು ತೊಳೆಯಬೇಕು. ಧೂಳಿನ ಕಣ ಒಂದೇ ಒಂದು ಬಟ್ಟೆಯಡಿ ಸಿಕ್ಕರೂ ಅದೇ ಮರಳು ಕಾಗದವಾಗುತ್ತದೆ. ನೀರಿಗೆ ಪೈಪು ಹಿಡಿಯಲಿಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿದ್ದು ಓದುಗರಿಗೆ ನೆನಪಿರಬಹುದು. ಬಟ್ಟೆ ಜಾಲಿಸಿದ ಕೊನೆಯ ನೀರನ್ನು ಅರ್ಧ ಬಕೆಟ್ ಹಿಡಿದಿಟ್ಟಿದ್ದರು ಅಮ್ಮಿ. ಒಂದು ಬಾಗಿಲಿಗೆ ಅದು ಧಾರಾಳವಾಯಿತು. ಕೊಳವೆಬಾವಿಯ ಗಡಸು ನೀರು ಹಾಗೇ ಒಣಗಿದರೆ ಸುಣ್ಣದ ಕಲೆ ಉಳಿಯುತ್ತದೆ, ಆದ್ದರಿಂದ ಕೂಡಲೇ ಒರೆಸಿದೆವು.

ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಕಡಲೆಕಾಳಿನಷ್ಟು ಕಾಂಪೌಂಡ್ ಹಾಕಿ, ಮೊದಲು ಮೂಲೆಯಲ್ಲಿ ಕಾಣದ ಜಾಗದಲ್ಲಿ ಒಮ್ಮೆ ಉಜ್ಜಿ ನೋಡಿದೆವು. ನಂತರ ಗೀರಿನ ಮೇಲೆ. ಎರಡು ಬೆರಳ ತುದಿಯಿಂದ ಒತ್ತಬಾರದು, ಅಂಗೈ ಒತ್ತಡ ಸಮನಾಗಿ ಬೀಳಬೇಕು. ಒಂದು ಅಂಗೈ ಅಗಲದ ಜಾಗ, ಇಪ್ಪತ್ತು ಮೂವತ್ತು ಸಲ, ಅಷ್ಟೇ. ಒರೆಸಿ ನೋಡಬೇಕು. ಸಾಲದಿದ್ದರೆ ಮತ್ತೆ. ಬಾಗಿಲಿನ ಅಂಚಿನಲ್ಲಿ, ತಗಡು ಮಡಿಚಿದ ಗೆರೆಯ ಮೇಲೆ ಬಣ್ಣ ತೆಳ್ಳಗಿರುತ್ತದೆ, ಅಲ್ಲಿ ಉಜ್ಜಬಾರದು. ಬಟ್ಟೆ ನೆಲಕ್ಕೆ ಬಿದ್ದರೆ ಅದನ್ನು ಬದಿಗಿಟ್ಟು ಬೇರೆಯದನ್ನು ತೆಗೆದುಕೊಳ್ಳಬೇಕು. ನಮ್ಮ ಕೈಯಿಂದ ಎರಡು ಸಲ ಬಿತ್ತು. ಎರಡು ಸಲವೂ ಚಾಚಾ ಗದರಿದರು.

ಮೊದಲ ಸುತ್ತಿನಲ್ಲೇ ಬಟ್ಟೆ ಹಸಿರಾಯಿತು. ಬಾಗಿಲಿನ ಮೇಲಿದ್ದ ಗೇಣುದ್ದದ ಗೀರು ಮುರಿದು ತುಂಡು ತುಂಡಾಯಿತು. ಎರಡನೆಯ ಸುತ್ತಿಗೆ ಅಷ್ಟೂ ಹಸಿರು ಬಟ್ಟೆಗೆ ಬಂದಿತ್ತು. ಅಡಿಯಲ್ಲಿ ನಮ್ಮ ಬೆಳ್ಳಿ ಬಣ್ಣ ಇದ್ದ ಹಾಗೆಯೇ ಇತ್ತು. ಓರೆಯಾಗಿ ನೋಡಿದರೆ ಎರಡು ಕೂದಲೆಳೆಯಂಥ ಗೆರೆಗಳು. "ಅವನ್ನು ಬಿಟ್ಟುಬಿಡಿ" ಎಂದರು ಚಾಚಾ. ಉಜ್ಜುವುದೆಂದರೆ ಕ್ಲಿಯರ್ ಕೋಟನ್ನು ಗೀರಿನ ಆಳದವರೆಗೆ ಇಳಿಸುವುದು. ಇದ್ದ ಪದರವೇ ಕೂದಲಿಗಿಂತ ತೆಳುವಾಗಿರುವಾಗ, ಯಾರಿಗೂ ಕಾಣದ ಎರಡು ಗೆರೆಗಾಗಿ ಅದನ್ನು ಇನ್ನೂ ತೆಳು ಮಾಡಿದರೆ ನಾಳೆ ಬಿಸಿಲಿಗೆ ಅಷ್ಟು ಜಾಗ ಮಂಕಾಗುತ್ತದೆ. ಕೊನೆಗೆ ವ್ಯಾಕ್ಸ್ ಹಚ್ಚಿ ಒರೆಸಿದೆವು. ಎಲ್ಲ ಸೇರಿ ಮುಕ್ಕಾಲು ಗಂಟೆಯ ಕೆಲಸ.

ಟಿಂಕರಿಂಗ್ ಅಂಗಡಿಯವರು ನಮಗೆ ಮೋಸ ಮಾಡಲು ಹೊರಟಿದ್ದರೆಂದು ನಾವು ಹೇಳಿದಾಗ ಚಾಚಾ ಒಪ್ಪಲಿಲ್ಲ. "ನೀವು ಕೇಳಿದ್ದೇನು? ಪೇಂಟಿಗೆ ಎಷ್ಟು ಅಂತ. ಅವರು ಪೇಂಟಿನ ರೇಟು ಹೇಳಿದರು. ಇದಕ್ಕೆ ಪೇಂಟ್ ಬೇಕೇ ಅಂತ ಕೇಳಿದ್ದರೆ ಅಲ್ಲವೇ ಬೇಡ ಅನ್ನುವುದು?" ಎಂದರು. ಬೆಳ್ಳಿ ಬಣ್ಣ ಹೊಂದಿಸುವುದು ಪೇಂಟರಿಗೆ ಅತ್ಯಂತ ಕಷ್ಟದ ಕೆಲಸವಂತೆ. ಅದರೊಳಗಿನ ಅಲ್ಯೂಮಿನಿಯಂ ಚೂರುಗಳು ಮಲಗಿದ ರೀತಿ ಸ್ವಲ್ಪ ಬೇರೆಯಾದರೂ ಬಾಗಿಲು ಒಂದು ಬಣ್ಣ, ಪಕ್ಕದ್ದು ಇನ್ನೊಂದು ಬಣ್ಣವಾಗಿ ಕಾಣುತ್ತದೆ. ಆದ್ದರಿಂದಲೇ ಒಂದು ಗೀರಿಗೆ ಇಡೀ ಬಾಗಿಲನ್ನು ಹೊಡೆಯುವುದು. ಮಾತಿನ ನಡುವೆ ಚಾಚಾ ಕೆಮ್ಮುತ್ತಿದ್ದರು. ಈಗಿನ ಎರಡು ಡಬ್ಬಿ ಬೆರೆಸಿ ಹೊಡೆಯುವ ಪಾಲಿಯೂರಿಥೇನ್ ಬಣ್ಣಗಳ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದನ್ನು ಉಸಿರಾಡಿದ ಪೇಂಟರುಗಳಿಗೆ ಆಸ್ತಮಾ ಬರುವುದು ಜಗತ್ತಿನಾದ್ಯಂತ ದಾಖಲಾಗಿದೆ. ಗಾಳಿ ಹೊರಗಿನಿಂದ ಬರುವ ಮುಖವಾಡ ಹಾಕಿ ಮಾಡಬೇಕಾದ ಕೆಲಸವದು. ಚಾಚಾ ಮೂವತ್ತು ವರ್ಷ ಮೂಗಿಗೆ ಕರ್ಚೀಫು ಕಟ್ಟಿ ಮಾಡಿದರು. ನಮ್ಮ ಸಮುದಾಯದ ಎಷ್ಟೋ ಹುಡುಗರು ಇಂದಿಗೂ ಹಾಗೆಯೇ ಮಾಡುತ್ತಿದ್ದಾರೆ. ಕಾರಿನ ಹೊಳಪಿಗೆ ಬೆಲೆ ತೆರುವವರಲ್ಲಿ ಅವರೂ ಇದ್ದಾರೆಂದು ಅಂದೇ ನಮಗೆ ಹೊಳೆದದ್ದು.

ಸಂತೋಷದಿಂದ ಅಮ್ಮಿಯನ್ನು ಕರೆದು ಬಾಗಿಲು ತೋರಿಸಿದೆವು. ಅವರು ಕೈಯಾಡಿಸಿ ನೋಡಿ, "ಚೆನ್ನಾಗಿ ಹೋಗಿದೆ" ಎಂದರು. ಆಮೇಲೆ ಕೇಳಿದರು: "ಹಾಗಾದ್ರೆ ಆ ಏಳ್ನೂರು ಯಾರದ್ದು?"

ನಮ್ಮಲ್ಲಿ ಉತ್ತರವಿರಲಿಲ್ಲ. ಕಾಂಪೌಂಡ್ ಮತ್ತು ಬಟ್ಟೆಗೆ 400 ಖರ್ಚಾಗಿದೆಯಲ್ಲ ಎಂದೆವು. ಟ್ಯೂಬಿನಲ್ಲಿ ಮುಕ್ಕಾಲು ಭಾಗ ಉಳಿದಿತ್ತು, ಬಟ್ಟೆ ಮೂರೂ ನಮ್ಮ ಬಳಿಯೇ ಇದ್ದವು. ಆ ಲೆಕ್ಕ ನಮಗೇ ನಗು ತರಿಸಿತು. ಅಂದು ನಾವು ಅವರಿಂದ ಪಡೆದದ್ದು ನಷ್ಟಕ್ಕೆ ಪರಿಹಾರವೆಂದು. ನಷ್ಟವೇ ಆಗಿರದಿದ್ದರೆ ಅದಕ್ಕೆ ಏನೆಂದು ಹೆಸರಿಡಬೇಕು? ನಾಲ್ಕು ಜನರನ್ನು ಸುತ್ತ ನಿಲ್ಲಿಸಿಕೊಂಡು, ದನಿಯೇರಿಸಿ, ಒಬ್ಬ ದುಡಿಯುವವರ ದಿನದ ಡಬ್ಬಿಯನ್ನು ಬರಿದು ಮಾಡಿಸಿದ್ದೆವು. ಬೀದಿಯಲ್ಲಿ ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಅದನ್ನು ಏನೆಂದು ಕರೆಯುತ್ತಿದ್ದೆವೋ ನಮಗೆ ಗೊತ್ತಿತ್ತು.

ಅಲ್ಲಾಹನ ಹಕ್ಕುಗಳಲ್ಲಿ ನಾವು ತಪ್ಪಿದರೆ ಅವನಲ್ಲೇ ಕ್ಷಮೆ ಕೇಳಬಹುದು. ಮನುಷ್ಯರ ಹಕ್ಕಿನಲ್ಲಿ ತಪ್ಪಿದರೆ ಆ ಮನುಷ್ಯನ ಬಳಿಗೇ ಹೋಗಬೇಕೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಯಾರಿಗಾದರೂ ಅನ್ಯಾಯ ಮಾಡಿದ್ದರೆ ದೀನಾರ್, ದಿರ್ಹಮ್‌ಗಳು ಕೆಲಸಕ್ಕೆ ಬಾರದ ದಿನ ಬರುವ ಮೊದಲೇ, ಇಲ್ಲಿಯೇ ಅದನ್ನು ಸರಿಪಡಿಸಿಕೊಳ್ಳಬೇಕೆಂದು ಪ್ರವಾದಿ ಮುಹಮ್ಮದ್(ಸ) ತಿಳಿಸಿದ್ದು ಬುಖಾರಿಯಲ್ಲಿ ವರದಿಯಾಗಿದೆ. ಜುಮಾ ಪ್ರವಚನಗಳಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಆಗೆಲ್ಲ ದೊಡ್ಡ ದೊಡ್ಡ ಅನ್ಯಾಯಗಳೇ ಕಣ್ಣಿಗೆ ಬರುತ್ತಿದ್ದವು. ಆಸ್ತಿ ನುಂಗಿದವರು, ತಂಗಿಯರ ಪಾಲು ಕೊಡದವರು. ಏಳ್ನೂರು ರೂಪಾಯಿಯ, ಒಂದು ಏಕವಚನದ ಅನ್ಯಾಯವೂ ಅದರಲ್ಲಿ ಸೇರುತ್ತದೆಂದು ಅನ್ನಿಸಿರಲಿಲ್ಲ.

ಹಣ ಹಿಂದಿರುಗಿಸಲು ನಿಶ್ಚಯಿಸಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಆ ದಿನದಿಂದ ಅವರು ನಮ್ಮ ಬೀದಿಗೆ ಬಂದೇ ಇರಲಿಲ್ಲ. ನಾಲ್ಕು ವಾರ! ನಮಗೆ ಅದು ಗಮನಕ್ಕೂ ಬಂದಿರಲಿಲ್ಲ. ಈರುಳ್ಳಿಯನ್ನು ಮೂಲೆಯ ಅಂಗಡಿಯಿಂದ ತರುತ್ತಿದ್ದೆವು. ಅಮ್ಮಿಗೆ ಗೊತ್ತಿತ್ತಂತೆ, ಹೇಳಿರಲಿಲ್ಲ.

ಅವರ ಹೆಸರು ನಮಗೆ ಗೊತ್ತಿರಲಿಲ್ಲ. ಏಳೆಂಟು ವರ್ಷ ಅವರಿಂದ ಸಾಮಾನು ಕೊಂಡಿದ್ದರೂ ಕೇಳಿರಲಿಲ್ಲ. ಗೌರಿಬಿದನೂರಿನ ಕಡೆಯವರೆಂದು ಮಾತ್ರ ತಿಳಿದಿತ್ತು. ಸೊಪ್ಪಿನ ಅಜ್ಜಿಯನ್ನು ಕೇಳಿದೆವು, ಹೂವಿನವರನ್ನು ಕೇಳಿದೆವು. ದಿಣ್ಣೂರು ಮುಖ್ಯರಸ್ತೆಯಲ್ಲಿ ಬಾಳೆಹಣ್ಣು ಮಾರುವ ಒಬ್ಬರು, "ಹಸಿರು ಗಾಡಿನಾ? ಸುಲ್ತಾನ್‌ಪಾಳ್ಯದ ಕಡೆ ನೋಡಿ" ಎಂದರು. ಎರಡು ಸಂಜೆ ಅಲ್ಲಿ ಸುತ್ತಿದೆವು. ನಡೆದೇ ಹೋದೆವು. ಕಾರಿನಲ್ಲಿ ಹೋಗುವುದು ಸರಿಯೆನಿಸಲಿಲ್ಲ. ಮೂರನೆಯ ಸಂಜೆ, ಒಂದು ಸಣ್ಣ ಮಳೆ ನಿಂತ ಮೇಲೆ, ಅಂಗಡಿಯೊಂದರ ಸಜ್ಜದ ಕೆಳಗೆ ಗಾಡಿ ಕಂಡಿತು. ಅವರು ಈರುಳ್ಳಿಯ ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆಯುತ್ತಿದ್ದರು.

ನಮ್ಮನ್ನು ಕಂಡು ಅವರ ಕೈ ನಿಂತಿತು. ನಾವು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು: "ಮಿಕ್ಕಿದ್ದು ಈ ತಿಂಗಳು ಆಗಲ್ಲ ಸಾರ್. ವ್ಯಾಪಾರ ಕಮ್ಮಿ. ಸ್ವಲ್ಪ ಟೈಮ್ ಕೊಡಿ."

ನಾಲ್ಕು ಸಾವಿರದಲ್ಲಿ ಉಳಿದ ಹಣಕ್ಕಾಗಿ ಬಂದಿದ್ದೇವೆಂದು ಅವರು ತಿಳಿದಿದ್ದರು. ಬೀದಿ ಬಿಟ್ಟದ್ದೂ ಆ ಭಯಕ್ಕೇ.

"ಹಾಗಲ್ಲ ಅಣ್ಣಾ" ಎಂದು ಶುರು ಮಾಡಿದೆವು. ಗೀರು ಉಜ್ಜಿದರೆ ಹೋಯಿತೆಂದು, ಪೇಂಟ್ ಬೇಕಾಗಲಿಲ್ಲವೆಂದು, ಅಂದು ಹಾಗೆ ಮಾತನಾಡಿದ್ದು ತಪ್ಪೆಂದು ಹೇಳಿ ಹಣವನ್ನು ಮುಂದೆ ಹಿಡಿದೆವು. ಅವರು ಕೂಡಲೇ ತೆಗೆದುಕೊಳ್ಳಲಿಲ್ಲ. "ಪೂರ್ತಿ ಹೋಯ್ತಾ?" ಎಂದು ಕೇಳಿದರು. ಪೂರ್ತಿ ಹೋಯಿತು ಎಂದೆವು. "ಹೆಂಗೆ ಹೋಯ್ತು?" ಎಂದರು. ಚಾಚಾ ಹೇಳಿದ್ದನ್ನೇ ಹೇಳಿದೆವು. ನಮ್ಮ ಬಣ್ಣ ಹೋಗಿರಲಿಲ್ಲ, ನಿಮ್ಮ ಗಾಡಿಯ ಬಣ್ಣ ಬಂದು ಅಂಟಿಕೊಂಡಿತ್ತು.

ಅವರು ತಲೆಯಾಡಿಸಿ ಗಾಡಿಯ ಮುಂದಿನ ಮೂಲೆಯನ್ನು ತೋರಿಸಿದರು. ಒಂದು ಗೇಣು ಉದ್ದಕ್ಕೆ ಹಸಿರು ಕಿತ್ತುಹೋಗಿ ಕಬ್ಬಿಣ ಕಾಣುತ್ತಿತ್ತು. ಮಳೆಗೆ ನೆನೆದು ಅಲ್ಲಿ ಕೆಂಪಗೆ ತುಕ್ಕು ಹಿಡಿದಿತ್ತು. ಆಯುಧಪೂಜೆಗೆಂದು ಹೊಸದಾಗಿ ಬಳಿದ ಬಣ್ಣವಂತೆ ಅದು, ನಮ್ಮ ಕಾರಿಗೆ ತಾಗುವ ಹೊತ್ತಿಗೆ ಒಂದು ವಾರ ಕಳೆದಿತ್ತು. ಅಂಗಡಿಯಲ್ಲಿ ಸಿಗುವ ಎನಾಮೆಲ್ ಬಣ್ಣ ಮುಟ್ಟಿದರೆ ಒಂದು ದಿನಕ್ಕೆ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ಎಷ್ಟೋ ದಿನ ಬೇಕು. ಮೆತ್ತಗಿದ್ದ ಬಣ್ಣ ಗಟ್ಟಿಯಾಗಿದ್ದ ನಮ್ಮ ಬಾಗಿಲಿಗೆ ತಾಗಿ ಕಿತ್ತುಬಂದಿತ್ತು. ಅಂದು ಆ ಬೀದಿಯಲ್ಲಿ ನಿಜವಾಗಿ ನಷ್ಟವಾದದ್ದು ಅವರಿಗೆ. ನಾವು ಐದಾರು ಜನ ಸುತ್ತ ನಿಂತು ಕಾರಿನ ಬಾಗಿಲನ್ನೇ ನೋಡಿದ್ದೆವು. ಪಕ್ಕದಲ್ಲೇ ಇದ್ದ ಗಾಡಿಯ ಮೂಲೆಯನ್ನು ಒಬ್ಬರೂ ನೋಡಿರಲಿಲ್ಲ.

ಆ ಮೂಲೆಗೆ ಬಣ್ಣ ಹಾಕಿಸಿಕೊಡುತ್ತೇವೆ ಎಂದೆವು. ಬೇಡವೆಂದರು. "ಗಾಡಿ ಅಂದ್ಮೇಲೆ ತಾಗುತ್ತೆ ಬಿಡಿ ಸಾರ್." ಏಳ್ನೂರನ್ನು ಮಾತ್ರ ತೆಗೆದುಕೊಂಡು, ಎಣಿಸದೆ ಡಬ್ಬಿಗೆ ಹಾಕಿದರು. ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಎರಡು ಕೆ.ಜಿ. ಈರುಳ್ಳಿ ಕೊಂಡೆವು. ತೂಕ ಮಾಡಿ ಮೇಲೊಂದು ಈರುಳ್ಳಿ ಹಾಕುವುದು ಅವರ ರೂಢಿ. ಅಂದೂ ಹಾಕಿದರು. ಹೆಸರು ಕೇಳಿದೆವು, ಹೇಳಿದರು. ನಮ್ಮ ಬೀದಿಗೆ ಬನ್ನಿ, ಅಮ್ಮಿ ಕೇಳುತ್ತಿರುತ್ತಾರೆ ಎಂದೆವು. "ನೋಡೋಣ ಸಾರ್, ಈಗ ಈ ಕಡೆ ಅಭ್ಯಾಸ ಆಗಿದೆ" ಎಂದರು.

ಮರುದಿನ ಈ ಕಥೆಯನ್ನು ಚಾಚಾನಿಗೆ ಹೇಳಿದೆವು. ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. ಗಾಡಿಯ ಕಬ್ಬಿಣಕ್ಕೆ ಹಿಡಿದ ತುಕ್ಕನ್ನು ಮೊದಲು ಎಮರಿ ಕಾಗದದಿಂದ ಉಜ್ಜಿ ತೆಗೆದು, ಕಬ್ಬಿಣದ ಕೆಂಪು ಪ್ರೈಮರ್ ಹಚ್ಚಿ, ಅದು ಒಣಗಿದ ಮೇಲೆ ಬಣ್ಣ ಬಳಿಯಬೇಕು, ಇಲ್ಲವಾದರೆ ತುಕ್ಕು ಒಳಗೊಳಗೇ ಹರಡುತ್ತದೆ ಎಂದರು. ಒಂದು ಎಮರಿ ಕಾಗದ, ಪ್ರೈಮರಿನ ಸಣ್ಣ ಡಬ್ಬಿ, ಹಸಿರು ಎನಾಮೆಲಿನ ಸಣ್ಣ ಡಬ್ಬಿ, ಒಂದು ಬ್ರಷ್ಷು ತಂದು ಮೆಟ್ಟಿಲ ಕೆಳಗೆ ಇಟ್ಟಿದ್ದೇವೆ. ಅವರು ಬಂದರೆ ಹಾಕಿಸಿಕೊಳ್ಳಲು ಒಪ್ಪುತ್ತಾರೋ ಇಲ್ಲವೋ ತಿಳಿಯದು. ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಈರುಳ್ಳಿಯ ಕೂಗು ಕೇಳಿದರೆ ಅಮ್ಮಿ ಬಾಲ್ಕನಿಗೆ ಹೋಗಿ ನೋಡುತ್ತಾರೆ. ಇಷ್ಟರವರೆಗೆ ಬಂದವರೆಲ್ಲ ಬೇರೆಯವರು.